ನಳಿಗೆ ಕಂಡದ್ದು, ಕಾಗದ ಕಂಡದ್ದು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿರುವ, ಬೀದಿಬಾಗಿಲನ್ನೂ ಹಿತ್ತಿಲಬಾಗಿಲನ್ನೂ ಒಟ್ಟಿಗೆ ತೆರೆದಿಟ್ಟರೆ ಜಗುಲಿಯಲ್ಲಿ ಕುಳಿತವರಿಗೆ ಪಡಸಾಲೆ, ನಡುಮನೆ, ಅಡುಗೆಮನೆಯ ಪಕ್ಕದ ಓಣಿ ಇವೆಲ್ಲವನ್ನೂ ದಾಟಿ ಬಾವಿಕಟ್ಟೆಯವರೆಗೆ ದೃಷ್ಟಿ ಹರಿಯುವಂಥ ಮನೆಗಳಲ್ಲಿ ಒಂದು. ಆ ನೇರವನ್ನು ಟೇಪು ಹಿಡಿದು ಅಳೆದಾಗ ಹತ್ತು ಮೀಟರಿಗಿಂತ ಎರಡು ಗೇಣು ಹೆಚ್ಚೇ ಬಂದಿತೆಂಬ ಕಾರಣಕ್ಕಾಗಿ, ಏರ್ ರೈಫಲ್ ಅಭ್ಯಾಸ ಮಾಡುವ ಹದಿನೇಳರ ಮೊಮ್ಮಗಳು ಹಿತ್ತಿಲಬಾಗಿಲ ಒಳಗೋಡೆಗೆ ಗುರಿಯ ಕಾಗದವನ್ನು ಅಂಟಿಸಿ, ಅದರ ಮೇಲೊಂದು ದೀಪವನ್ನು ಬಿಗಿದು, ಸಂಜೆಯ ವೇಳೆಯಲ್ಲಿ ಮನೆಯವರ ಓಡಾಟವನ್ನೆಲ್ಲ ಒಂದು ಗಂಟೆ ತಡೆಹಿಡಿಯುವಳು. ಜೀವಮಾನದ ಬಹುಭಾಗವನ್ನು ಕಾರ್ಖಾನೆಯೊಂದರ ಮಾಪನಾಗಾರದಲ್ಲಿ ಮೈಕ್ರೋಮೀಟರುಗಳನ್ನೂ ಸ್ಲಿಪ್ ಗೇಜುಗಳನ್ನೂ ಪರೀಕ್ಷಿಸುತ್ತ ಕಳೆದ ತಾತನಿಗೆ ಆ ಒಂದು ಗಂಟೆ ಜಗುಲಿಯಲ್ಲಿಯೇ ಕುಳಿತಿರಬೇಕಾದ ಹೊತ್ತು. ಒಂದು ಭಾನುವಾರ ಅವರಿಬ್ಬರ ನಡುವೆ ನಡೆದ ಮಾತು ಹೀಗಿದ್ದಿತು.

ತಾತ: ಮಿಕ್ಕ ಮಾತೆಲ್ಲ ಆಮೇಲೆ, ಮೊದಲು ಆ ಬಂದೂಕು ಬರಿದಾಗಿದೆಯೆಂಬುದನ್ನು ನನ್ನ ಕಣ್ಣಿಗೆ ತೋರಿಸು.

ಮೊಮ್ಮಗಳು: ನೋಡಿ ತಾತ, ಲಿವರ್ ತೆರೆದಿದೆ, ನಳಿಗೆಯ ಆದ್ಯಂತ ಈ ಕಿತ್ತಳೆ ಬಣ್ಣದ ದಾರ ಹಾದುಹೋಗಿದೆ, ದಾರ ಎರಡು ಕಡೆಯೂ ಕಾಣಿಸಿದರೆ ಒಳಗೆ ಪೆಲೆಟ್ ಇರಲು ಸಾಧ್ಯವಿಲ್ಲ. ಅದಲ್ಲದೆ ಪೆಲೆಟ್ಟಿನ ಡಬ್ಬಿಯನ್ನು ನಾನು ಮನೆಗೆ ತರುವುದೇ ಇಲ್ಲ, ಅದು ರೇಂಜಿನ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಇಲ್ಲಿ ನಡೆಯುವುದು ಬರಿಯ ಡ್ರೈ ಫೈರಿಂಗ್: ಟ್ರಿಗರ್ ಎಳೆಯುತ್ತೇನೆ, ಕುದುರೆ ಬೀಳುವಂತೆ ಟಿಕ್ ಎನ್ನುತ್ತದೆ, ಏನೂ ಹೊರಡುವುದಿಲ್ಲ.

ತಾತ: ಸರಿ. ಏನೂ ಹೊರಡದಿದ್ದ ಮೇಲೆ ನಿನ್ನ ಲ್ಯಾಪ್‌ಟಾಪಿನ ತೆರೆಯ ಮೇಲೆ ಹತ್ತು ದಶಮಾಂಶ ಆರು, ಹತ್ತು ದಶಮಾಂಶ ಏಳು ಎಂದು ಅಂಕಗಳು ಎಲ್ಲಿಂದ ಬಂದು ಬೀಳುತ್ತಿವೆ? ನಳಿಗೆಯ ಕೆಳಗೆ ಬೆಂಕಿಪೊಟ್ಟಣದ ಗಾತ್ರದಲ್ಲಿ ಕಚ್ಚಿಕೊಂಡಿರುವ ಆ ವಸ್ತುವಿನ ಮಹಿಮೆಯೆ ಇದು?

ಮೊಮ್ಮಗಳು: ಅದೇ ಸೆನ್ಸರ್. ಅದರೊಳಗೆ ಒಂದು ಪುಟ್ಟ ಕ್ಯಾಮೆರಾ ಇದೆ. ಅದು ಗೋಡೆಯ ಮೇಲಿನ ಕಪ್ಪು ವೃತ್ತವನ್ನು ನೋಡುತ್ತಲೇ ಇರುತ್ತದೆ. ನಳಿಗೆ ಎಡಕ್ಕೆ ಸರಿದರೆ ಅದರ ಕಣ್ಣಿಗೆ ವೃತ್ತ ಬಲಕ್ಕೆ ಸರಿದಂತಾಗುತ್ತದೆ. ಆ ಸರಿತವನ್ನೆಲ್ಲ ಗೆರೆಯಾಗಿ ಬರೆಯುತ್ತದೆ. ಟ್ರಿಗರಿನ ಟಿಕ್ ಎಂಬ ಸದ್ದನ್ನು ಕೇಳಿಸಿಕೊಂಡು, ಆ ಕ್ಷಣದಲ್ಲಿ ನಳಿಗೆ ಎಲ್ಲಿಗೆ ಮುಖ ಮಾಡಿತ್ತೋ ಅಲ್ಲಿ ಒಂದು ಹೊಡೆತದ ಗುರುತಿಡುತ್ತದೆ. ಮಾಸ್ಕೋದ ಸ್ಕಾಟ್, ಫಿನ್ಲೆಂಡಿನ ನೋಪ್ಟೆಲ್, ಆಸ್ಟ್ರಿಯದ ರಿಕಾ ಎಂದು ಇಂಥ ಯಂತ್ರಗಳನ್ನು ಮಾಡಿದವರು ಹಲವರು. ಗೆರೆಗೆ ಬಣ್ಣ ಕಟ್ಟುವ ಕ್ರಮ ಸ್ಕಾಟಿನದು. ಗುರಿಗೆ ಬರುವ ಗೆರೆ ಹಸಿರು, ಹೊಡೆತಕ್ಕೆ ಮುಂಚಿನ ಒಂದು ಸೆಕೆಂಡು ಹಳದಿ, ಕಟ್ಟಕಡೆಯ 0.2 ಸೆಕೆಂಡು ನೀಲಿ, ಹೊಡೆದ ಮೇಲಿನದು ಕೆಂಪು. ಬರಿಗಣ್ಣಿಗೆ ಎಂದೂ ಕಾಣಿಸದ ನನ್ನ ನಡುಕವೇ ಇಲ್ಲಿ ರಂಗೋಲಿಯಂತೆ ಬಿಡಿಸಿಕೊಳ್ಳುತ್ತದೆ.

ತಾತ: ಬಹಳ ಚೆಲುವಾದ ಯಂತ್ರ. ಆದರೂ ನಿನ್ನೆ ಸ್ಪರ್ಧೆಯಿಂದ ಬಂದವಳು ಊಟಕ್ಕೂ ಸರಿಯಾಗಿ ಕೂರಲಿಲ್ಲವೆಂದು ನಿನ್ನ ಅಜ್ಜಿ ಹೇಳಿದಳು. ಯಂತ್ರ ಚೆಲುವಾಗಿದ್ದು ಮನಸ್ಸು ಮ್ಲಾನವಾಗಿರುವುದೇಕೆ?

ಮೊಮ್ಮಗಳು: ಅದನ್ನೇ ನಿಮ್ಮಲ್ಲಿ ಕೇಳಬೇಕೆಂದಿದ್ದೆ. ಕಳೆದ ಒಂದು ತಿಂಗಳು ಇಲ್ಲಿ ನನ್ನ ಸರಾಸರಿ 10.6. ನಿನ್ನೆ ಸ್ಪರ್ಧೆಯಲ್ಲಿ 60 ಹೊಡೆತಗಳಿಗೆ ಬಂದ ಸರಾಸರಿ 10.2. ಕೇಳಿದವರಿಗೆ ಅದು ಅಲ್ಪವೆನಿಸಬಹುದು. ಗುಣಿಸಿ ನೋಡಿದರೆ ಒಂದು 636, ಇನ್ನೊಂದು 612. ಮೊದಲನೆಯ ಅಂಕದ ವಿಷಯ ಹೇಳಬೇಕಾದರೆ, 2024ರ ಪ್ಯಾರಿಸ್ ಒಲಿಂಪಿಕ್ಸಿನ ಅರ್ಹತಾ ಸುತ್ತಿನಲ್ಲಿ ದಕ್ಷಿಣ ಕೊರಿಯದ ಬಾನ್ ಹ್ಯೊ-ಜಿನ್ ಒಲಿಂಪಿಕ್ ದಾಖಲೆಯನ್ನು ಸ್ಥಾಪಿಸಿದ್ದು 634.5 ಅಂಕಗಳಿಂದ. ಎಂದ ಮೇಲೆ ನಮ್ಮ ಅಡುಗೆಮನೆಯ ಪಕ್ಕದ ಓಣಿಯಲ್ಲಿ ನಾನು ಪ್ರತಿಸಂಜೆಯೂ ಒಲಿಂಪಿಕ್ ದಾಖಲೆಯನ್ನು ಮುರಿಯುತ್ತಿದ್ದೆನೆಂದಾಯಿತು. ಇದು ನಿಜವಲ್ಲವೆಂದು ನನಗೆ ಗೊತ್ತಿರಬೇಕಾಗಿತ್ತು. ಗೊತ್ತೂ ಇತ್ತು ಎಂದೇ ಈಗ ಅನ್ನಿಸುತ್ತದೆ. ಸ್ಪರ್ಧೆಯ ಭಯದಿಂದ ಕೈ ನಡುಗಿತೆಂದು ಎಲ್ಲರೂ ಸಮಾಧಾನ ಹೇಳಿದರು. ನನಗೆ ಭಯವಾಗಲಿಲ್ಲ ತಾತ. ನನಗೆ ಅನುಮಾನ ಯಂತ್ರದ ಮೇಲೆ.

ತಾತ: ಯಂತ್ರದ ಮೇಲೆಯೋ, ಯಂತ್ರವನ್ನು ಕೂರಿಸಿದ ಕ್ರಮದ ಮೇಲೆಯೋ? ಮಾಪನಾಗಾರದಲ್ಲಿ ನನಗೆ ಮೊದಲು ಕಲಿಸಿದ ಪಾಠ ಅದು. ಉಪಕರಣ ಸುಳ್ಳು ಹೇಳುವುದು ಅಪೂರ್ವ. ಅದು ತನಗೆ ಕಂಡದ್ದನ್ನು ಹೇಳುತ್ತದೆ, ಕಂಡದ್ದೇನು ಎಂಬುದನ್ನು ನಾವು ತಪ್ಪಾಗಿ ಗ್ರಹಿಸುತ್ತೇವೆ. ಆದ್ದರಿಂದ ನಿನ್ನ ಗುರಿಯ ಅಳತೆಗಳನ್ನು ಮೊದಲು ಹೇಳು. ಅಳತೆ ತಿಳಿಯದೆ ನಾನು ಮಾತನಾಡಲಾರೆ.

ಮೊಮ್ಮಗಳು: ಇಡೀ ಗುರಿಯ ವ್ಯಾಸ 45.5 ಮಿಲಿಮೀಟರ್, ಕಪ್ಪು ಭಾಗ 30.5, ನಡುವಿನ ಹತ್ತರ ಚುಕ್ಕೆ ಕೇವಲ 0.5 ಮಿಲಿಮೀಟರ್. ಪೆಲೆಟ್ಟಿನ ವ್ಯಾಸ 4.5. ಅದರ ಅಂಚು ಚುಕ್ಕೆಯನ್ನು ಸೋಕಿದರೂ ಹತ್ತು ಎಂಬುದರಿಂದ, ರಂಧ್ರದ ಕೇಂದ್ರ ಗುರಿಯ ಕೇಂದ್ರದಿಂದ 2.5 ಮಿಲಿಮೀಟರಿನೊಳಗೆ ಇರಬೇಕು. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿಲಿಮೀಟರಿಗೆ ಒಂದು ದಶಾಂಶ ಏರುತ್ತದೆ. ಕಟ್ಟಕಡೆಯ ಕಾಲು ಮಿಲಿಮೀಟರೇ 10.9.

ತಾತ: ಎಂದರೆ 10.6ಕ್ಕೂ 10.2ಕ್ಕೂ ಇರುವ ಅಂತರ ಗುರಿಯ ಮೇಲೆ ಒಂದು ಮಿಲಿಮೀಟರ್. ನಿನ್ನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಎಷ್ಟು ದೂರ? ಸುಮಾರು ಎಂಬತ್ತು ಸೆಂಟಿಮೀಟರಿನ ಹತ್ತಿರ ಇರಬಹುದೆಂದು ಕಾಣುತ್ತದೆ. ಹಾಗಿದ್ದರೆ ಹತ್ತು ಮೀಟರಿನಲ್ಲಿ ಒಂದು ಮಿಲಿಮೀಟರ್ ಎನ್ನುವುದು ನಿನ್ನ ಕಣ್ಣಮುಂದೆ ನೂರರಲ್ಲಿ ಎಂಟು ಭಾಗ, 0.08 ಮಿಲಿಮೀಟರ್. ನಿನ್ನ 10.9 ಎಂಬುದು ಎರಡು ಶತಾಂಶ ಮಿಲಿಮೀಟರ್. ಮಗು, ಶತಾಂಶ ಮಿಲಿಮೀಟರನ್ನು ನಂಬಿಕೆಗೆ ಅರ್ಹವಾಗಿ ಅಳೆಯಬೇಕಾದರೆ ನಾವು ಗೇಜುಗಳನ್ನು 20 ಡಿಗ್ರಿ ಉಷ್ಣತೆಯ ಕೊಠಡಿಯಲ್ಲಿ ಗಂಟೆಗಟ್ಟಲೆ ಮಲಗಿಸಿ, ಕೈಯ ಬಿಸಿ ತಾಗದಂತೆ ಮರದ ಚಿಮ್ಮಟದಿಂದ ಎತ್ತುತ್ತಿದ್ದೆವು. ನೀನಾದರೋ ಐದು ಕಿಲೋಗ್ರಾಂ ತೂಕದ ಬಂದೂಕನ್ನು ನಿಂತು ಹಿಡಿದು, ಉಸಿರಾಡುವ ದೇಹದಿಂದ, ಬಡಿಯುವ ಹೃದಯದಿಂದ ಅದನ್ನು ಸಾಧಿಸಹೊರಟಿದ್ದೀಯೆ. ನಿನ್ನ ಸಾಹಸದ ಬಗ್ಗೆ ನನಗೆ ಇದುವರೆಗೆ ಇದ್ದದ್ದಕ್ಕಿಂತ ಹೆಚ್ಚಿನ ಗೌರವ ಈಗ ಉಂಟಾಯಿತು. ಈಗ ಹೇಳು, ಈ ಸೆನ್ಸರಿನ ಸೊನ್ನೆಯನ್ನು ನೀನು ನಿರ್ಧರಿಸಿದ್ದು ಹೇಗೆ?

ಮೊಮ್ಮಗಳು: ಮೊದಲ ದಿನ ಕ್ಲಾಂಪನ್ನು ನಳಿಗೆಗೆ ಬಿಗಿದೆ. ತಂತ್ರಾಂಶದಲ್ಲಿ ಗುರಿಯ ಬಗೆಯನ್ನೂ ದೂರವನ್ನೂ ತುಂಬಿದೆ. ಚೆನ್ನಾಗಿ ಗುರಿಯಿಟ್ಟು ಒಂದು ಟಿಕ್ ಮಾಡಿದೆ. ಅದು ಎಲ್ಲೋ ಏಳರ ಹತ್ತಿರ ಬಿದ್ದಿತ್ತು. ಅದನ್ನು ಎಳೆದು ನಡುವಿಗೆ ಕೂರಿಸಿದೆ. ಆಮೇಲೆ ದಿನವೂ ಅಭ್ಯಾಸದ ಮೊದಲಲ್ಲಿ ನಾಲ್ಕೈದು ಹೊಡೆತ ಹಾಕಿ ಗುಂಪು ಯಾವ ಕಡೆ ವಾಲಿದೆಯೋ ನೋಡಿ, ಅದನ್ನು ಮತ್ತೆ ಕೇಂದ್ರಕ್ಕೆ ಎಳೆದು ಪ್ರಾರಂಭಿಸುತ್ತಿದ್ದೆ.

ತಾತ: ಇಲ್ಲಿ, ಮನೆಯಲ್ಲಿ? ಪೆಲೆಟ್ ಹೊರಡದ ಈ ಸ್ಥಳದಲ್ಲಿ?

ಮೊಮ್ಮಗಳು: ಇಲ್ಲಿಯೇ.

ತಾತ: ತಕ್ಕಡಿಯ ಮುಳ್ಳು ಓರೆಯಾದಾಗಲೆಲ್ಲ, ಓರೆಯಾದ ಜಾಗವನ್ನೇ ನಡುವೆಂದು ಗೀಟು ಹಾಕಿಕೊಂಡ ಹಾಗಾಯಿತಲ್ಲ, ತಾಯಿ. ಅಕ್ಕಸಾಲಿಗನು ಗುಲಗಂಜಿ ತೂಗುವ ಮುಂಚೆ ಬರಿದಾದ ತಟ್ಟೆಗಳು ಸಮನಾಗಿ ನಿಲ್ಲುತ್ತವೆಯೆ ಎಂದು ನೋಡುತ್ತಾನೆ. ಆ ನೋಟಕ್ಕೆ ಆಧಾರವಾಗಿ ಭೂಮಿಯ ಸೆಳೆತವಿದೆ, ಅದು ಅವನ ಇಚ್ಛೆಗೆ ಒಳಪಟ್ಟದ್ದಲ್ಲ. ನಿನ್ನ ಸೊನ್ನೆಗೆ ಆಧಾರವೇನಿತ್ತು? ನಿನ್ನ ಗುಂಪು ನಡುವೆ ಇರಬೇಕೆಂಬ ಅಪೇಕ್ಷೆಯೊಂದೇ.

ಮೊಮ್ಮಗಳು: ಆದರೆ ತಾತ, ನಾನು ನನ್ನ ಪರವಾಗಿ ಒಂದು ಮಾತು ಹೇಳಬೇಕು. ಗೆರೆಯ ಆಕಾರ ಸುಳ್ಳಲ್ಲ. ಸೊನ್ನೆ ಎಲ್ಲಿದ್ದರೂ ನನ್ನ ನಳಿಗೆ ಕಡೆಯ ಒಂದು ಸೆಕೆಂಡಿನಲ್ಲಿ ಎಷ್ಟು ಅಲೆಯಿತು, ಉಸಿರು ನಿಲ್ಲಿಸಿ ಎಷ್ಟು ಹೊತ್ತಿಗೆ ಟ್ರಿಗರ್ ಒತ್ತಿದೆ, ಒತ್ತಿದಾಗ ಬಲಕ್ಕೆ ಕುಪ್ಪಳಿಸಿತೆ ಇಲ್ಲವೆ, ಹೊಡೆದ ಮೇಲೆ ಸ್ಥಿರವಾಗಿ ಉಳಿದೆನೆ ಎಂಬುದೆಲ್ಲ ಸೊನ್ನೆಯನ್ನು ಅವಲಂಬಿಸಿಲ್ಲ. ಮನೆಯ ಅಭ್ಯಾಸದಿಂದ ನನಗೆ ದೊರೆತ ಲಾಭ ಅಲ್ಲಿದೆ. ಅದನ್ನು ನೀವು ಕಳೆದುಹಾಕಬಾರದು.

ತಾತ: ಒಪ್ಪಿದೆ. ಆಕಾರ ನಿಜ, ಸ್ಥಾನ ಕಲ್ಪಿತ. ಹಾಗಾದರೆ ಮನೆಯಲ್ಲಿ ಗೆರೆಯನ್ನಷ್ಟೇ ನೋಡು. ಆ ಮೂಲೆಯಲ್ಲಿ ಕಾಣುವ ಅಂಕವನ್ನು ಒಂದು ಚೀಟಿಯಿಂದ ಮುಚ್ಚಿಬಿಡು. ಅಂಕಕ್ಕೆ ಆಧಾರ ಬೇಕೆಂದರೆ ರೇಂಜಿಗೆ ಹೋಗಬೇಕು, ಪೆಲೆಟ್ ಹೊರಡಬೇಕು, ಕಾಗದದಲ್ಲಿ ರಂಧ್ರ ಬೀಳಬೇಕು. ಈ ಕ್ಯಾಲಿಬ್ರೇಷನ್ ಎಂಬ ಮಾತು ಕೂಡ ಬಂದೂಕಿನ ವಂಶದ್ದೇ ಎಂಬುದು ನಿನಗೆ ತಿಳಿದಿದೆಯೋ ಇಲ್ಲವೋ. ಎರಕದ ಅಚ್ಚನ್ನು ಹೇಳುವ ಅರಬ್ಬಿಯ ಶಬ್ದವೊಂದು ಫ್ರೆಂಚರ ಬಾಯಲ್ಲಿ ಕ್ಯಾಲಿಬರ್ ಎಂದಾಗಿ, ನಳಿಗೆಯ ಒಳವ್ಯಾಸಕ್ಕೆ ಹೆಸರಾಯಿತು. ಆ ವ್ಯಾಸವನ್ನು ಗೊತ್ತುಮಾಡುವ ಕೆಲಸದಿಂದ ಕ್ಯಾಲಿಬ್ರೇಷನ್ ಹುಟ್ಟಿತು. ನಮ್ಮ ಕಚೇರಿಯ ಕಾಗದಗಳಲ್ಲಿ ಅದನ್ನು ಮಾಪನಾಂಕ ನಿರ್ಣಯವೆಂದು ಬರೆಯುತ್ತಿದ್ದರು. ಬಂದೂಕಿನಿಂದ ಹೊರಟು ಲೋಕದ ಸಕಲ ಉಪಕರಣಗಳನ್ನೂ ಸುತ್ತಿ ಬಂದ ಪದ ಈಗ ನಿನ್ನ ಕೈಯ ಬಂದೂಕಿಗೇ ಹಿಂದಿರುಗಿದೆ.

ಮೊಮ್ಮಗಳು: ರೇಂಜಿನಲ್ಲಿಯೂ ನಾನು ಸೆನ್ಸರ್ ಹಾಕಿ ಹೊಡೆದದ್ದುಂಟು. ಅಲ್ಲಿಯೂ ಗೊಂದಲವಾಯಿತು. ಪೆಲೆಟ್ ಬಲಕ್ಕೆ ಬೀಳುತ್ತಿತ್ತು. ಹಿಂದಿನ ಸೈಟಿನಲ್ಲಿ ಎಡಕ್ಕೆ ನಾಲ್ಕು ಕ್ಲಿಕ್ ತಿರುಗಿಸಿದೆ, ಪೆಲೆಟ್ ನಡುವಿಗೆ ಬಂತು. ಸೈಟು ಬದಲಾಯಿತಲ್ಲ ಎಂದು ಸೆನ್ಸರಿನ ಸೊನ್ನೆಯನ್ನೂ ಬದಲಾಯಿಸಿದೆ. ಆಮೇಲೆ ಎರಡೂ ಹೊಂದಲೇ ಇಲ್ಲ.

ತಾತ: ಇಲ್ಲಿ ಸ್ವಲ್ಪ ನಿಲ್ಲೋಣ, ನಿನ್ನ ತೊಡಕಿನ ಗಂಟು ಇರುವುದು ಇಲ್ಲಿಯೇ ಎಂದು ನನ್ನ ಊಹೆ. ಆ ಸೆನ್ಸರ್ ಬಂದೂಕಿನ ಯಾವ ಅಂಗವನ್ನು ಕಚ್ಚಿಕೊಂಡಿದೆ?

ಮೊಮ್ಮಗಳು: ನಳಿಗೆಯನ್ನು.

ತಾತ: ಪೆಲೆಟ್ ಯಾವುದರಿಂದ ಹೊರಡುತ್ತದೆ?

ಮೊಮ್ಮಗಳು: ನಳಿಗೆಯಿಂದಲೇ.

ತಾತ: ಸೈಟಿನ ಕ್ಲಿಕ್ಕುಗಳು ಬದಲಾಯಿಸುವುದು ಏನನ್ನು?

ಮೊಮ್ಮಗಳು: ನಳಿಗೆಗೂ ನನ್ನ ಕಣ್ಣಿಗೂ ಇರುವ ಸಂಬಂಧವನ್ನು. ಓಹೋ! ಸೆನ್ಸರಿಗೂ ಪೆಲೆಟ್ಟಿಗೂ ಇರುವ ಸಂಬಂಧದಲ್ಲಿ ನನ್ನ ಕಣ್ಣು ಇಲ್ಲವೇ ಇಲ್ಲ. ನಾನು ಕ್ಲಿಕ್ ತಿರುಗಿಸಿದರೆ ನಳಿಗೆಯೇ ಎಡಕ್ಕೆ ತಿರುಗಿ ನಿಲ್ಲುತ್ತದೆ. ಪೆಲೆಟ್ಟೂ ಎಡಕ್ಕೆ ಹೋಗುತ್ತದೆ, ಸೆನ್ಸರಿನ ಗುರುತೂ ತಾನಾಗಿಯೇ ಅಷ್ಟೇ ಎಡಕ್ಕೆ ಹೋಗುತ್ತದೆ. ಒಮ್ಮೆ ಸೊನ್ನೆ ಸರಿಯಾಗಿದ್ದರೆ ಸೈಟನ್ನು ಎಷ್ಟು ತಿರುಗಿಸಿದರೂ ಸೊನ್ನೆಯನ್ನು ಮುಟ್ಟಬೇಕಾದ್ದಿಲ್ಲ. ಸರಿಯಾಗಿದ್ದದ್ದನ್ನು ನಾನೇ ಕೆಡಿಸಿದೆ.

ತಾತ: ಕ್ಲಾಂಪು ಸಡಿಲವಾದರೆ, ಸೆನ್ಸರನ್ನು ಬಿಚ್ಚಿ ಮತ್ತೆ ಹಾಕಿದರೆ, ಪೆಲೆಟ್ಟಿನ ಜಾತಿ ಬದಲಾದರೆ ಆಗ ಸೊನ್ನೆಯನ್ನು ಮತ್ತೆ ಹುಡುಕಬೇಕು. ಆದ್ದರಿಂದ ಕ್ಲಾಂಪಿಗೂ ನಳಿಗೆಗೂ ಅಡ್ಡಲಾಗಿ ಸಣ್ಣ ಗುರುತು ಹಾಕಿಕೊ. ಬಿಚ್ಚಿದರೂ ಸರಿಸುಮಾರು ಅದೇ ಸ್ಥಾನಕ್ಕೆ ಬರಲಿ, ಜಾರಿದ್ದರೆ ಕಣ್ಣಿಗೆ ಬೀಳಲಿ.

ಮೊಮ್ಮಗಳು: ಸೈಟಿನ ಮಾತು ಬಂದದ್ದರಿಂದ ನೆನಪಾಯಿತು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ದಿನ, ಅಂತಿಮ ಸುತ್ತಿಗೆ ಮುನ್ನ ಪರೀಕ್ಷೆಗಾಗಿ ಹೊಡೆದ ಪೆಲೆಟ್ ನಾಲ್ಕರ ವಲಯದಲ್ಲಿ ಬಿತ್ತೆಂದೂ, ತನ್ನ ಸೈಟು ಹೇಗೋ ಕದಲಿಹೋಗಿತ್ತೆಂದೂ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಹೊತ್ತಿನಲ್ಲಿ ಅವರು ತಮ್ಮ ಅಭ್ಯಾಸದ ನೆನಪನ್ನು ನಂಬದೆ ಗುರಿಯ ಮೇಲೆ ಬಿದ್ದದ್ದನ್ನು ನಂಬಿ ಸೈಟನ್ನು ತಿದ್ದಿಕೊಂಡರು. ಕಡೆಯ ಹೊಡೆತ 10.8, ಒಟ್ಟು 700.5.

ತಾತ: ಕಾಗದದ ಸಾಕ್ಷಿಗೆ ಅಂಥ ಬೆಲೆ. ಆದರೆ ಈಗ ನಾನು ನಿನಗೊಂದು ತೊಡಕನ್ನು ಒಡ್ಡುತ್ತೇನೆ. ನಮ್ಮ ಮಾಪನಾಗಾರದಲ್ಲಿ ಮೈಕ್ರೋಮೀಟರನ್ನು ಪರೀಕ್ಷಿಸಲು ಸ್ಲಿಪ್ ಗೇಜ್ ಇತ್ತು. ಗೇಜಿನ ಅಳತೆ ನಿಶ್ಚಿತ, ಸಂಶಯವೆಲ್ಲ ಮೈಕ್ರೋಮೀಟರಿನದು. ನಿನ್ನ ಕಾಗದದ ರಂಧ್ರ ಅಂಥ ನಿಶ್ಚಿತವಾದ ಆಧಾರವೆ? ಒಂದೇ ನಳಿಗೆಯಿಂದ ಒಂದೇ ದಿಕ್ಕಿನಲ್ಲಿ ಹೊರಟ ಎರಡು ಪೆಲೆಟ್ಟುಗಳು ಒಂದೇ ಕಡೆ ಬೀಳುತ್ತವೆಯೆ?

ಮೊಮ್ಮಗಳು: ಬೀಳುವುದಿಲ್ಲ. ಜರ್ಮನಿ, ಆಸ್ಟ್ರಿಯಗಳ ಹೊಸ ರೈಫಲ್ಲಿನ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕಾಗದ ಇಟ್ಟಿರುತ್ತಾರೆ; ರೈಫಲ್ಲನ್ನು ಕದಲದಂತೆ ಬಿಗಿದು ಹತ್ತು ಮೀಟರಿಗೆ ಹೊಡೆದ ಗುಂಪು ಅದರಲ್ಲಿರುತ್ತದೆ. ಆ ರಂಧ್ರ ಒಂದು ಪೆಲೆಟ್ಟಿನ ರಂಧ್ರಕ್ಕಿಂತ ಚೂರು ಅಗಲವಾಗಿಯೇ ಇರುತ್ತದೆ. ಕೈಯೇ ಇಲ್ಲದ ಕಡೆಯೂ ಅಷ್ಟು ಚದುರಿಕೆ ಉಂಟು. ಅದಕ್ಕಾಗಿಯೇ ಪೆಲೆಟ್ಟಿನ ಡಬ್ಬಿಗಳಲ್ಲಿ ಒಂದೊಂದು ಲಾಟನ್ನೂ ಹೊಡೆದು ನೋಡಿ ನಮ್ಮ ನಳಿಗೆಗೆ ಒಪ್ಪುವುದನ್ನು ಆರಿಸಿಕೊಳ್ಳುತ್ತೇವೆ.

ತಾತ: ಅಲ್ಲಿಗೆ, ಒಂದೇ ಒಂದು ಹೊಡೆತವನ್ನು ನೋಡಿ ಸೊನ್ನೆಯನ್ನು ತಿದ್ದಿದರೆ ಆ ಒಂದು ಪೆಲೆಟ್ಟಿನ ಚಾಪಲ್ಯವನ್ನೆಲ್ಲ ಯಂತ್ರದೊಳಗೆ ಶಾಶ್ವತವಾಗಿ ಕೆತ್ತಿಟ್ಟಂತಾಗುತ್ತದೆ. ಹದಿನಾರು ಹೊಡೆತಗಳ ವ್ಯತ್ಯಾಸದ ಸರಾಸರಿಯನ್ನು ತೆಗೆದರೆ ಅನಿಶ್ಚಯ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ವರ್ಗಮೂಲದ ಲೆಕ್ಕ ಅದು. ವ್ಯತ್ಯಾಸ ಎಂಬ ಮಾತನ್ನು ಗಮನಿಸು. ಸೆನ್ಸರಿನ ಗುಂಪು ಬೇರೆ, ಕಾಗದದ ಗುಂಪು ಬೇರೆ ಎಂದು ಇಟ್ಟುಕೊಂಡು ಎರಡನ್ನೂ ಕಣ್ಣಂದಾಜಿನಲ್ಲಿ ಹೋಲಿಸಬೇಡ. ಒಂದನೆಯ ಹೊಡೆತಕ್ಕೆ ಸೆನ್ಸರ್ ಎಲ್ಲಿ ಗುರುತಿಟ್ಟಿತು, ಅದೇ ಹೊಡೆತಕ್ಕೆ ರಂಧ್ರ ಎಲ್ಲಿ ಬಿತ್ತು, ಎರಡಕ್ಕೂ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತರ. ಹೀಗೆ ಪ್ರತಿಯೊಂದಕ್ಕೂ ಬರೆ. ಆಗ ನಿನ್ನ ಕೈಯ ನಡುಕ ಎರಡೂ ಕಡೆ ಸಮನಾಗಿ ಕಳೆದುಹೋಗಿ, ಉಳಿಯುವುದು ಯಂತ್ರಕ್ಕೂ ಪೆಲೆಟ್ಟಿಗೂ ಇರುವ ಭೇದವೊಂದೇ.

ಮೊಮ್ಮಗಳು: ಒಂದು ಹೊಡೆತಕ್ಕೆ ಒಂದು ಕಾಗದವಾದರೆ ಅದು ಸಾಧ್ಯ. ರೇಂಜಿನಲ್ಲಿ ಎಲೆಕ್ಟ್ರಾನಿಕ್ ಗುರಿಗಳ ಪಕ್ಕದಲ್ಲಿ ಹಳೆಯ ರಾಟೆಯ ಸಾಲುಗಳೂ ಎರಡಿವೆ. ದಾರ ಎಳೆದರೆ ಕಾಗದ ನಮ್ಮ ಹತ್ತಿರಕ್ಕೆ ಬರುತ್ತದೆ. ಕ್ಯಾಮೆರಾಕ್ಕೆ ಕಾಗದವೇ ಹಿತ, ಬೆಳಕೊಂದು ಸಮನಾಗಿರಬೇಕು. ಸ್ಪರ್ಧೆಯ ನಿಯಮದಂತೆ ಗುರಿಯ ಮೇಲೆ ಕಡಿಮೆಯೆಂದರೆ 1500 ಲಕ್ಸ್ ಬೆಳಕು ಇರತಕ್ಕದ್ದು. ಇಲ್ಲಿ ನಮ್ಮ ದೀಪದ ನೆರಳು ಒಂದು ಪಕ್ಕಕ್ಕೆ ಬೀಳುತ್ತಿದ್ದುದರಿಂದ, ವೃತ್ತದ ಅಂಚನ್ನು ಯಂತ್ರ ಒಂದು ಕಡೆ ತಪ್ಪಾಗಿ ಗ್ರಹಿಸುತ್ತಿತ್ತೇನೋ ಎಂಬ ಶಂಕೆಯೂ ನನಗಿದೆ.

ತಾತ: ಅದನ್ನೂ ಪರೀಕ್ಷಿಸೋಣ. ಬರೆದ ವ್ಯತ್ಯಾಸಗಳನ್ನು ಒಂದು ಗೀಟುಕಾಗದದ ಮೇಲೆ ಚುಕ್ಕೆಗಳಾಗಿ ಇಟ್ಟಾಗ ಅವು ಏನು ಹೇಳುತ್ತವೆ ಎಂಬುದನ್ನು ಓದುವುದೇ ನಮ್ಮ ವೃತ್ತಿಯ ಸೊಗಸು. ಎಲ್ಲ ಚುಕ್ಕೆಗಳೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಸೊನ್ನೆಯ ದೋಷ, ಅದನ್ನು ತಿದ್ದಬಹುದು. ಗುರಿಯ ನಡುವೆ ಅಂತರ ಕಡಿಮೆಯಿದ್ದು ಹೊರಕ್ಕೆ ಹೋದಂತೆ ಹೆಚ್ಚುತ್ತಿದ್ದರೆ ದೂರವನ್ನೋ ಗುರಿಯ ಗಾತ್ರವನ್ನೋ ತಪ್ಪಾಗಿ ತುಂಬಿದ್ದೀಯೆ ಎಂದರ್ಥ. ಮೇಲೆ ಬಿದ್ದದ್ದನ್ನು ಮೇಲೆ-ಬಲಕ್ಕೆಂದೂ, ಬಲಕ್ಕೆ ಬಿದ್ದದ್ದನ್ನು ಬಲ-ಕೆಳಗೆಂದೂ ತೋರಿಸುತ್ತಿದ್ದರೆ ಕ್ಯಾಮೆರಾ ನಳಿಗೆಯ ಸುತ್ತ ಓರೆಯಾಗಿ ಕೂತಿದೆ. ಕಡೆಯದನ್ನು ತಿಳಿಯಲು ಹೊಡೆಯಲೂ ಬೇಕಾಗಿಲ್ಲ. ಗಾರೆಯವರ ತೂಗುಗುಂಡಿನ ದಾರವೊಂದನ್ನು ಗುರಿಯ ಪಕ್ಕದಲ್ಲಿ ಇಳಿಬಿಟ್ಟು, ಬಂದೂಕನ್ನು ದಿಂಬಿನ ಮೇಲಿರಿಸಿ ಆ ದಾರದ ಗುಂಟ ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಸಿದರೆ, ತೆರೆಯ ಮೇಲಿನ ಗೆರೆಯೂ ನೆಟ್ಟಗೆ ಇಳಿಯಬೇಕು. ಯಾವ ಕ್ರಮವನ್ನೂ ತೋರದೆ ಚುಕ್ಕೆಗಳು ಸುಮ್ಮನೆ ಚದುರಿದ್ದರೆ ಅದು ಪೆಲೆಟ್ಟಿನ ಸ್ವಭಾವ. ಅದನ್ನು ತಿದ್ದಲು ಹೋಗಬಾರದು. ಎಷ್ಟೆಂದು ಬರೆದಿಟ್ಟುಕೊಂಡು ಸುಮ್ಮನಿರಬೇಕು.

ಮೊಮ್ಮಗಳು: ದೂರದ ಮಾತಿನಲ್ಲಿ ನನಗೊಂದು ಸಂಗತಿ ಹೊಳೆಯುತ್ತಿದೆ. ಮಳೆಗಾಲದಲ್ಲಿ ಹಿತ್ತಿಲಬಾಗಿಲು ತೆರೆಯಲಾಗದೆ ಕೋಣೆಯೊಳಗೆ ಐದು ಮೀಟರಿಗೆ, ಅರ್ಧ ಗಾತ್ರದ ಗುರಿಯಿಟ್ಟು ಅಭ್ಯಾಸ ಮಾಡಿದ್ದೆ. ನಳಿಗೆ ತಿರುಗಿದರೆ ಆ ಕೋನದ ಲೆಕ್ಕ ಸರಿಯೇ. ಆದರೆ ನಾನು ಮೈಸಮೇತ ಒಂದು ಮಿಲಿಮೀಟರ್ ಪಕ್ಕಕ್ಕೆ ತೂಗಿದರೆ, ಹತ್ತು ಮೀಟರಿನಲ್ಲಿ ಅದು ಒಂದೇ ಮಿಲಿಮೀಟರಿನ ತಪ್ಪು; ಐದು ಮೀಟರಿನ ಅರ್ಧ ಗುರಿಯಲ್ಲಿ ಯಂತ್ರ ಅದನ್ನು ಎರಡು ಮಿಲಿಮೀಟರಿಗೆ ಸಮನೆಂದು ಎಣಿಸುತ್ತದೆ. ಆ ದಿನಗಳಲ್ಲಿ ನನ್ನ ಗುಂಪು ಅಗಲವಾಗಿ ಕಂಡು ನಾನು ಅಕಾರಣ ನೊಂದಿದ್ದೆ.

ತಾತ: ನನಗೆ ಹೊಳೆಯದಿದ್ದ ವಿಷಯವನ್ನು ಹೇಳಿದೆ. ಸೈ. ಇನ್ನೊಂದು ನಾನು ಹೇಳುತ್ತೇನೆ. ನಿನ್ನ ಪೆಲೆಟ್ಟಿನ ವೇಗ ಸೆಕೆಂಡಿಗೆ 170 ಮೀಟರಿನಷ್ಟು ಎಂದು ಹಿಂದೊಮ್ಮೆ ಹೇಳಿದ್ದೆಯಲ್ಲ. ಆ ಲೆಕ್ಕದಲ್ಲಿ ಹತ್ತು ಮೀಟರ್ ಸಾಗಲು ಸುಮಾರು 0.06 ಸೆಕೆಂಡು, ಅಷ್ಟರಲ್ಲಿ ಅದು ಭೂಮಿಯ ಕಡೆಗೆ 17 ಮಿಲಿಮೀಟರಿನಷ್ಟು ಬಿದ್ದಿರುತ್ತದೆ. ಆ ಬೀಳುವಿಕೆಯನ್ನು ಸರಿದೂಗಿಸಲು ನಿನ್ನ ಸೈಟು ನಳಿಗೆಯನ್ನು ಆಗಲೇ ಅಷ್ಟು ಮೇಲಕ್ಕೆ ಎತ್ತಿರುತ್ತದೆ. ಈಗ ನೀನು ಬಂದೂಕನ್ನು ನೋಟದ ಗೆರೆಯ ಸುತ್ತ ಐದು ಡಿಗ್ರಿ ಓರೆಮಾಡಿದೆ ಎನ್ನು. ಮೇಲಕ್ಕೆ ಎತ್ತಿದ್ದು ಪಕ್ಕಕ್ಕೆ ವಾಲುತ್ತದೆ; ಭೂಮಿ ಮಾತ್ರ ನೆಟ್ಟಗೇ ಎಳೆಯುತ್ತದೆ. ಪೆಲೆಟ್ ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಬೀಳಬೇಕು.

ಮೊಮ್ಮಗಳು: ಆರು ದಶಾಂಶ! ಕ್ಯಾಮೆರಾಕ್ಕೆ ಅದು ಕಾಣಿಸುವುದಿಲ್ಲವೆ?

ತಾತ: ಕಾಣಿಸುವ ಬಗೆ ನನಗೆ ತೋರದು. ಗುರಿಯ ಕೇಂದ್ರವನ್ನೇ ಅಕ್ಷವಾಗಿಟ್ಟುಕೊಂಡು ಕ್ಯಾಮೆರಾವೂ ನಿನ್ನೊಡನೆ ಓರೆಯಾಯಿತಲ್ಲ; ಅದರ ಕಣ್ಣಿಗೆ ಆ ಕೇಂದ್ರ ಇದ್ದಲ್ಲಿಯೇ ಇದೆ, ಗುಂಡಗಿನ ವೃತ್ತ ತಿರುಗಿದರೂ ವೃತ್ತವೇ. ಓರೆಯನ್ನು ಅಳೆಯುವ ಬೇರೊಂದು ಅಂಗ ಯಂತ್ರದಲ್ಲಿ ಇಲ್ಲದಿದ್ದರೆ ಅದು ಹತ್ತು ದಶಮಾಂಶ ಒಂಬತ್ತೆಂದೇ ಹೇಳೀತು. ಆದ್ದರಿಂದ ಸೊನ್ನೆಯನ್ನು ನಿರ್ಧರಿಸುವ ದಿನ ನೀನು ದಿನವೂ ಹಿಡಿಯುವ ಓರೆಯಲ್ಲಿಯೇ ಹಿಡಿಯಬೇಕು, ನಡುವೆ ಬದಲಾಯಿಸಬಾರದು.

ಮೊಮ್ಮಗಳು: ತಾತ, ನಿಮಗೆ ಹೇಳದೆ ಉಳಿದ ಸಂಗತಿ ಒಂದಿದೆ. ತಂತ್ರಾಂಶದಲ್ಲಿ ಎಫ್-ಗುಣಾಂಕ ಎಂಬುದೊಂದುಂಟು. ಟ್ರಿಗರ್ ಬಿಟ್ಟ ಮೇಲೆ ಪೆಲೆಟ್ ನಳಿಗೆಯಿಂದ ಹೊರಬೀಳುವುದಕ್ಕೆ ಕೆಲವು ಮಿಲಿಸೆಕೆಂಡು ಹಿಡಿಯುತ್ತದೆ. ಆ ವೇಳೆಯಲ್ಲಿ ನಳಿಗೆ ಚಲಿಸುತ್ತಿದ್ದರೆ ಹೊಡೆತ ಚಲನೆಯ ದಿಕ್ಕಿಗೆ ಇನ್ನಷ್ಟು ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದನ್ನು ಆ ಗುಣಾಂಕ ನಿರ್ಧರಿಸುತ್ತದೆ. ಅದನ್ನು ಹೆಚ್ಚಿಸಿದರೆ ನನ್ನ ಹೊಡೆತಗಳು ಹೊರಕ್ಕೆ ಓಡುತ್ತಿದ್ದವು, ತಗ್ಗಿಸಿದರೆ ಒಳಕ್ಕೆ ಬರುತ್ತಿದ್ದವು. ತಗ್ಗಿಸುತ್ತ ತಗ್ಗಿಸುತ್ತ ಸೊನ್ನೆಗೆ ತಂದು ನಿಲ್ಲಿಸಿಬಿಟ್ಟಿದ್ದೆ. ಅಂದಿನಿಂದಲೇ 10.6 ಬರತೊಡಗಿದ್ದು.

ತಾತ: ಹೇಳಿದ್ದು ಒಳ್ಳೆಯದಾಯಿತು. ಬೈಗುಳಕ್ಕೆ ಕಾಯಬೇಡ, ಲೆಕ್ಕ ನೋಡೋಣ. ನೀನು ಹೇಳಿದ ವಿಳಂಬ ಒಂದು ಭಾಗ. ಇನ್ನೊಂದು ಭಾಗವೂ ಇರಬೇಕು. ಓಡುವ ಬಸ್ಸಿನ ಕಿಟಕಿಯಿಂದ ಮಾವಿನ ಓಟೆಯನ್ನು ನೆಟ್ಟಗೆ ಹೊರಕ್ಕೆ ಎಸೆದರೂ ಅದು ಬಸ್ಸಿನ ಜೊತೆ ಮುಂದಕ್ಕೆ ಹೋಗಿ ಬೀಳುತ್ತದಲ್ಲ? ಹಾಗೆಯೇ ಪೆಲೆಟ್ ನಳಿಗೆಯ ಬಾಯಿ ಬಿಡುವಾಗ ಆ ಬಾಯಿಯ ಅಡ್ಡವೇಗವನ್ನೂ ಹೊತ್ತುಕೊಂಡು ಹೊರಡುತ್ತದೆ. ಬಾಯಿ ಸೆಕೆಂಡಿಗೆ ಹತ್ತು ಮಿಲಿಮೀಟರ್ ವೇಗದಲ್ಲಿ ಪಕ್ಕಕ್ಕೆ ಸಾಗುತ್ತಿದ್ದರೆ, ಹಾರಾಟದ 0.06 ಸೆಕೆಂಡಿನಲ್ಲಿ ಪೆಲೆಟ್ 0.6 ಮಿಲಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಅದೊಂದೇ ನಿನ್ನ ಎರಡು ದಶಾಂಶಕ್ಕಿಂತ ಹೆಚ್ಚು. ವಿಳಂಬದ್ದು ಅದರ ಮೇಲೆ. ಗುಣಾಂಕವನ್ನು ಸೊನ್ನೆಯಾಗಿಸಿದರೆ ಇವೆರಡೂ ಇಲ್ಲವೆಂದು ಯಂತ್ರಕ್ಕೆ ಹೇಳಿದಂತಾಯಿತು.

ಮೊಮ್ಮಗಳು: ಹಾಗಾದರೆ ಸರಿಯಾದ ಗುಣಾಂಕವನ್ನು ಹುಡುಕುವುದು ಹೇಗೆ? ನನ್ನ ಅತ್ಯುತ್ತಮ ಹೊಡೆತಗಳನ್ನು ಆರಿಸಿ ಕಾಗದದೊಡನೆ ಹೋಲಿಸಲೆ?

ತಾತ: ಆಲೋಚಿಸು. ನಿನ್ನ ಅತ್ಯುತ್ತಮ ಹೊಡೆತದಲ್ಲಿ ನಳಿಗೆ ಎಷ್ಟು ವೇಗವಾಗಿ ಚಲಿಸುತ್ತಿರುತ್ತದೆ?

ಮೊಮ್ಮಗಳು: ಬಹುಮಟ್ಟಿಗೆ ನಿಂತೇ ಇರುತ್ತದೆ. ನೀಲಿ ಗೆರೆ ಒಂದು ಚುಕ್ಕೆಯಷ್ಟಾಗಿರುತ್ತದೆ. ಆಗ ಗುಣಾಂಕ ಎಷ್ಟಿದ್ದರೂ ಗುರುತು ಅಲ್ಲಿಯೇ ಬೀಳುತ್ತದೆ! ಒಳ್ಳೆಯ ಹೊಡೆತ ಗುಣಾಂಕದ ಬಗ್ಗೆ ಏನನ್ನೂ ಹೇಳಲಾರದು.

ತಾತ: ಹೇಳಬಲ್ಲವು ಕೆಟ್ಟ ಹೊಡೆತಗಳು ಮಾತ್ರ. ಮಾಪನಾಗಾರದಲ್ಲಿ ನಾವು ಮೈಕ್ರೋಮೀಟರನ್ನು ಸೊನ್ನೆಯ ಬಳಿ ಮಾತ್ರ ನೋಡಿ ಬಿಡುತ್ತಿರಲಿಲ್ಲ. ತೆರೆದಷ್ಟೂ ಉದ್ದಕ್ಕೆ, ಕಡೆಯ ಗೀಟಿನವರೆಗೆ ಪರೀಕ್ಷಿಸುತ್ತಿದ್ದೆವು, ಏಕೆಂದರೆ ತಿರುಪಿನ ದೋಷ ಬಚ್ಚಿಟ್ಟುಕೊಳ್ಳುವುದು ಅಲ್ಲಿ. ಅಂತೆಯೇ ನೀನು ಬುದ್ಧಿಪೂರ್ವಕವಾಗಿ ನಳಿಗೆಯನ್ನು ಬಲಕ್ಕೆ ತೂಗಿಸುತ್ತ ಗುರಿಯನ್ನು ದಾಟುವಾಗ ಟ್ರಿಗರ್ ಒತ್ತಬೇಕು. ಎಡಕ್ಕೆ ತೂಗಿಸುತ್ತ ಅಷ್ಟೇ ಬಾರಿ ಒತ್ತಬೇಕು. ನಿಧಾನವಾಗಿ ಕೆಲವು, ವೇಗವಾಗಿ ಕೆಲವು. ಸೆನ್ಸರ್ ಹೇಳಿದ್ದಕ್ಕಿಂತ ರಂಧ್ರ ಚಲನೆಯ ದಿಕ್ಕಿಗೆ ಎಷ್ಟು ಮುಂದೆ ಬಿದ್ದಿದೆ ಎಂಬುದನ್ನು ವೇಗದ ಎದುರಿಗೆ ಇಟ್ಟರೆ ಒಂದು ಇಳಿಜಾರು ಗೆರೆ ಸಿಕ್ಕಬೇಕು. ಗುಣಾಂಕವನ್ನು ಆ ಗೆರೆ ಮಟ್ಟಸವಾಗುವವರೆಗೆ ಏರಿಸುವುದು. ಬಲದವೂ ಎಡದವೂ ಒಂದೇ ಗುಣಾಂಕವನ್ನು ಹೇಳಿದರೆ ಅದನ್ನು ನಂಬಬಹುದು.

ಮೊಮ್ಮಗಳು: ನಾಲ್ಕು ವರ್ಷಗಳಿಂದ ಕೋಚ್ ನನಗೆ ಬಿಡಿಸಲು ಯತ್ನಿಸುತ್ತಿರುವ ದುರಭ್ಯಾಸವನ್ನು ನೀವು ನಲವತ್ತು ಬಾರಿ ಬೇಕೆಂದೇ ಮಾಡು ಎನ್ನುತ್ತಿದ್ದೀರಿ. ಅವರ ಅನುಮತಿ ಕೇಳಿಯೇ ಮಾಡಬೇಕಾಗುತ್ತದೆ.

ತಾತ: ಅವಶ್ಯವಾಗಿ ಕೇಳು. ಏಕೆಂದು ವಿವರಿಸು, ಯಾರೂ ಇಲ್ಲದ ಹೊತ್ತು, ಕೊನೆಯ ಸಾಲಿನಲ್ಲಿ, ಅವರು ಪಕ್ಕದಲ್ಲಿ ನಿಂತಿರುವಾಗಲೇ ಮಾಡು. ಯೌವನದಲ್ಲಿ ಒಮ್ಮೆ ಸ್ನೇಹಿತರೊಬ್ಬರ ಮನೆಯವರ ಆಹ್ವಾನದ ಮೇಲೆ ಕೊಡಗಿಗೆ ಕೈಲ್ ಮುಹೂರ್ತದ ಹಬ್ಬಕ್ಕೆ ಹೋಗಿದ್ದೆ. ಕೋವಿಗಳಿಗೆ ಹೂವಿಟ್ಟು ಪೂಜೆಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹಾರಿಸಿದರು. ಕಾಯಿ ಒಡೆದರೆ ಒಡೆಯಿತು, ಇಲ್ಲವಾದರೆ ಇಲ್ಲ. ನೋಡಿದವರೆಲ್ಲರಿಗೂ ಕಂಡದ್ದು ಒಂದೇ. ಕೋವಿಯನ್ನು ಇಳಿಸುವಾಗ ಹೊಡೆದವರ ಮುಖದಲ್ಲಿದ್ದ ನಿಶ್ಚಿಂತೆಯನ್ನು ನಾನು ಮರೆತಿಲ್ಲ. ತಿಂಗಳುಗಟ್ಟಲೆ ನೀನು ಇಲ್ಲಿ ನಿಂತಿದ್ದಾಗ ಅಂಥ ನಿಶ್ಚಿಂತೆ ನಿನ್ನ ಮುಖದಲ್ಲಿ ನನಗೆ ಕಾಣಲಿಲ್ಲ. ಅಂಕ ಏರಿದಷ್ಟೂ ನೀನು ಮಂಕಾದೆ.

ಮೊಮ್ಮಗಳು: ಒಂದು ವೇಳೆ ಎಲ್ಲವನ್ನೂ ಸರಿಪಡಿಸಿದ ಮೇಲೆ ಯಂತ್ರವೂ 10.2 ಎಂದೇ ಹೇಳಿದರೆ?

ತಾತ: ಆಗ ಆ ನಾಲ್ಕು ದಶಾಂಶ ಎಲ್ಲಿ ಹೋಯಿತೆಂದು ಅದೇ ತೋರಿಸುತ್ತದೆ. ನೀಲಿ ಗೆರೆ ಉದ್ದವಾಗಿದ್ದರೆ ಟ್ರಿಗರಿನಲ್ಲಿ, ಹಳದಿ ಗೆರೆ ಅಲೆದಾಡಿದ್ದರೆ ನಿಲುವಿನಲ್ಲಿ, ಗುಂಪು ಕಿರಿದಾಗಿದ್ದು ಪಕ್ಕಕ್ಕಿದ್ದರೆ ಸೈಟಿನಲ್ಲಿ. ಇಷ್ಟು ದಿನ ಅದಕ್ಕೆ ತೋರಿಸುವ ಅವಕಾಶವೇ ಇರಲಿಲ್ಲ.

ಮೊಮ್ಮಗಳು: ನಾಳೆ ಬೆಳಿಗ್ಗೆ ಆರೂವರೆಗೆ ರೇಂಜ್ ತೆರೆಯುತ್ತದೆ. ಹದಿನಾರು ಸ್ಥಿರವಾದ ಹೊಡೆತ, ನಲವತ್ತು ತೂಗಾಡಿಸಿದ್ದು, ಐವತ್ತಾರು ಕಾಗದ. ಹಿಂಬದಿಯಲ್ಲಿ ಈಗಲೇ ಅಂಕೆ ಹಾಕಿಡುತ್ತೇನೆ. ರಂಧ್ರದ ಅಂಚು ಹರಿದಿರುವುದರಿಂದ ಕೇಂದ್ರವನ್ನು ಅಳೆಯುವುದು ಕಷ್ಟ, ತಾತ; ನನ್ನ ಸ್ಕೇಲಿನಿಂದ ಕಾಲು ಮಿಲಿಮೀಟರ್ ತಿಳಿಯುವುದಿಲ್ಲ.

ತಾತ: ಬೀರುವಿನ ಕೆಳಗಿನ ಖಾನೆಯಲ್ಲಿ ಗೀಟು ಕೊರೆದ ಭೂತಗನ್ನಡಿಯೊಂದಿದೆ, ಹಸಿರು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಅದನ್ನು ತಾ. ಹತ್ತು ವರ್ಷದಿಂದ ತೆಗೆದಿಲ್ಲ, ಮೊದಲು ಅದರ ಗೀಟುಗಳು ಸರಿಯಾಗಿವೆಯೆ ಎಂದು ನೋಡಬೇಕು.